ಪಕ್ಷಗಳ ಮೈತ್ರಿಕೂಟ ಎಂದರೇನು? ಬಾವಲಿ ಹೊಳೆಯ ಆಚೆ ಒಂದು, ಈಚೆ ಇನ್ನೊಂದು

ತಿರುನೆಲ್ಲಿ: ತೆನೆ ಹೊತ್ತ ಮಹಿಳೆಯ ಚಿಹ್ನೆ ಹೊಳೆಯ ಎರಡೂ ದಡಗಳಲ್ಲಿ ಪರಿಚಿತ. 2023ರ ಸೆಪ್ಟೆಂಬರಿನಲ್ಲಿ ಜಾತ್ಯತೀತ ಜನತಾದಳ ಬಿಜೆಪಿ ನೇತೃತ್ವದ ಎನ್‌ಡಿಎಯನ್ನು ಸೇರಿತು. ಎಚ್.ಡಿ.ಕೋಟೆ ಕಡೆಯ ಜೆಡಿಎಸ್ ಕಾರ್ಯಕರ್ತ ಅಂದಿನಿಂದ ಕಮಲದ ಜೊತೆಗಾರ. ಆದರೆ ಬಾವಲಿ ಸೇತುವೆ ದಾಟಿ ಈಚೆ ಬಂದರೆ ಅದೇ ಪಕ್ಷದ ಶಾಸಕ ಕೆ.ಕೃಷ್ಣನ್‌ಕುಟ್ಟಿ ಕೇರಳದ ಎಡರಂಗ ಸರಕಾರದಲ್ಲಿ ವಿದ್ಯುತ್ ಸಚಿವರಾಗಿದ್ದರು, ಆಮೇಲೂ ಮುಂದುವರಿದರು. ದಿಲ್ಲಿಯ ನಿರ್ಧಾರ ತಮಗೆ ಒಪ್ಪಿಗೆಯಿಲ್ಲ, ತಾವು ಎಡರಂಗದಲ್ಲೇ ಇರುತ್ತೇವೆ ಎಂದು ಇಲ್ಲಿನ ಘಟಕ ಹೇಳಿತು.

ಇದು ಹೊಸತೇನಲ್ಲ. 2006ರ ಫೆಬ್ರವರಿಯಲ್ಲಿ ಎಚ್.ಡಿ.ಕುಮಾರಸ್ವಾಮಿ ಬಿಜೆಪಿ ಜೊತೆ ಸೇರಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ಮೇ ತಿಂಗಳಲ್ಲಿ ಕೇರಳದ ಜೆಡಿಎಸ್ ಎಡರಂಗದ ಜೊತೆ ಗೆದ್ದು ಮ್ಯಾಥ್ಯೂ ಟಿ.ಥಾಮಸ್ ವಿ.ಎಸ್.ಅಚ್ಯುತಾನಂದನ್ ಸಂಪುಟದಲ್ಲಿ ಸಚಿವರಾದರು. ಕಾಫಿ ಕೊಯ್ಲಿಗೆ, ಶುಂಠಿ ಕೆಲಸಕ್ಕೆ ತೋಲ್ಪೆಟ್ಟಿ ದಾಟಿ ಕುಟ್ಟಕ್ಕೆ ಹೋಗಿ ಬರುವವರು ಎರಡೂ ಕಡೆಯ ಭಾಷಣ ಕೇಳುತ್ತಾರೆ. ಅಲ್ಲಿ ಗೆಳೆಯ, ಇಲ್ಲಿ ವೈರಿ, ಇದೇನು ಎಂಬ ಪ್ರಶ್ನೆ ಅವರಿಗೆ ಬರುವುದು ಸಹಜ. ಉತ್ತರ ಮೈತ್ರಿಕೂಟ ಎಂಬ ಶಬ್ದದಲ್ಲೇ ಇದೆ. ಎರಡು ಪಕ್ಷಗಳು ಕೂಡುವುದು ದೇಶದಲ್ಲೆಲ್ಲ ಒಟ್ಟಿಗೆ ಅಲ್ಲ. ಯಾವ ಸಭೆಯಲ್ಲಿ ಕೈಯೆತ್ತಿ ಲೆಕ್ಕ ಹಾಕುತ್ತಾರೋ ಆ ಸಭೆಗೆ ತಕ್ಕಂತೆ ಕೂಡುತ್ತವೆ. ಪಂಚಾಯತಿಗೆ ಒಂದು ಲೆಕ್ಕ, ವಿಧಾನಸಭೆಗೆ ಒಂದು, ಲೋಕಸಭೆಗೆ ಇನ್ನೊಂದು.

ಹೆಸರುಗಳು ಮತ್ತು ಬಗೆಗಳು

ಕನ್ನಡದಲ್ಲಿ ಮೈತ್ರಿಕೂಟ, ಒಕ್ಕೂಟ, ರಂಗ ಎನ್ನುತ್ತೇವೆ. ಮಲಯಾಳದಲ್ಲಿ ಮುನ್ನಣಿ. ಕಾಸರಗೋಡಿನ ಕನ್ನಡ ಪತ್ರಿಕೆಗಳು ಎಲ್‌ಡಿಎಫ್ ಅನ್ನು ಎಡರಂಗ, ಯುಡಿಎಫ್ ಅನ್ನು ಐಕ್ಯರಂಗ ಎಂದು ಬರೆಯುವ ರೂಢಿ ಇದ್ದು, ಇಲ್ಲಿಯೂ ಅದನ್ನೇ ಬಳಸಲಾಗಿದೆ. ರಂಗದಲ್ಲಿರುವ ಪಕ್ಷವನ್ನು ಘಟಕ ಪಕ್ಷ ಎನ್ನುವರು. ಕೂಟವು ಸರಕಾರ ಮಾಡಿದರೆ ಅದು ಸಮ್ಮಿಶ್ರ ಸರಕಾರ. ಕರ್ನಾಟಕದ ಪತ್ರಿಕೆಗಳಿಗೆ 2018ರಲ್ಲಿ ಅದು 'ದೋಸ್ತಿ ಸರಕಾರ' ಆಯಿತು. ಸ್ವಲ್ಪ ಗೇಲಿಯೂ ಸೇರಿದ ಹೆಸರು.

ಚುನಾವಣೆಗೆ ಮುಂಚೆಯೇ ಸೀಟು ಹಂಚಿಕೊಂಡು, ಒಂದೇ ಪ್ರಣಾಳಿಕೆ ಹಿಡಿದು ಮತ ಕೇಳುವುದು ಚುನಾವಣಾ ಪೂರ್ವ ಮೈತ್ರಿ. ಕೇರಳದ್ದು ಈ ಬಗೆ. ಬೇರೆ ಬೇರೆಯಾಗಿ ಹೋರಾಡಿ, ಯಾರಿಗೂ ಬಹುಮತ ಬಾರದಿದ್ದಾಗ ಸೇರುವುದು ಚುನಾವಣೋತ್ತರ ಮೈತ್ರಿ. ಕರ್ನಾಟಕದಲ್ಲಿ ಕಂಡದ್ದು ಹೆಚ್ಚಾಗಿ ಇದು. ಸಚಿವ ಸ್ಥಾನ ತೆಗೆದುಕೊಳ್ಳದೆ ಸದನದಲ್ಲಿ ಮತ ಮಾತ್ರ ಕೊಡುವುದು ಹೊರಗಿನ ಬೆಂಬಲ. ಹಾಸನದ ಎಚ್.ಡಿ.ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದದ್ದು ಸಂಯುಕ್ತ ರಂಗದ ನಾಯಕರಾಗಿ, ಕಾಂಗ್ರೆಸ್ಸಿನ ಹೊರಗಿನ ಬೆಂಬಲದಿಂದ. ಕಾಂಗ್ರೆಸ್ ಅದನ್ನು ಹಿಂದಕ್ಕೆ ಪಡೆಯಿತು, 1997ರ ಏಪ್ರಿಲಿನಲ್ಲಿ ಸರಕಾರ ಹೋಯಿತು. ಇವೆಲ್ಲಕ್ಕಿಂತ ಕೆಳಗೆ, ಲಿಖಿತ ಒಪ್ಪಂದವಿಲ್ಲದೆ ಇಷ್ಟು ವಾರ್ಡಿನಲ್ಲಿ ನೀವು, ಇಷ್ಟರಲ್ಲಿ ನಾವು ಎಂದು ಮಾಡಿಕೊಳ್ಳುವ ಹೊಂದಾಣಿಕೆ ಇದೆ. ಮಲಯಾಳದ 'ನೀಕ್ಕುಪೋಕ್ಕು' ಎಂಬ ಮಾತು ಇದಕ್ಕೆ ಹೇಳಿ ಮಾಡಿಸಿದಂತಿದೆ.

ಯಾರಿಗೂ ಬಹುಮತವಿಲ್ಲದಾಗ ರಾಜ್ಯಪಾಲರು ಯಾರನ್ನು ಕರೆಯಬೇಕು? ಸಂವಿಧಾನ ಇದನ್ನು ಬಿಡಿಸಿ ಹೇಳುವುದಿಲ್ಲ. 1988ರ ಸರ್ಕಾರಿಯಾ ಆಯೋಗದ ವರದಿ ಒಂದು ಕ್ರಮ ಸೂಚಿಸಿತು: ಮೊದಲು ಚುನಾವಣಾ ಪೂರ್ವ ಮೈತ್ರಿಕೂಟ, ಬಳಿಕ ಇತರರ ಬೆಂಬಲ ತೋರಿಸುವ ಅತಿ ದೊಡ್ಡ ಪಕ್ಷ, ಆಮೇಲೆ ಚುನಾವಣೋತ್ತರ ಕೂಟಗಳು. ಬಹುಮತ ಇದೆಯೋ ಇಲ್ಲವೋ ಎಂಬುದನ್ನು ರಾಜಭವನದಲ್ಲಲ್ಲ, ಸದನದಲ್ಲೇ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿದ್ದು ಕರ್ನಾಟಕದ ಎಸ್.ಆರ್.ಬೊಮ್ಮಾಯಿ ಪ್ರಕರಣದಲ್ಲಿ.

ಕೇರಳ ರಂಗಗಳ ನಾಡಾದದ್ದು

1957ರಲ್ಲಿ ಇ.ಎಂ.ಎಸ್.ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಪಕ್ಷಕ್ಕೆ 126ರಲ್ಲಿ 60 ಸ್ಥಾನ. ಉಳಿದ ಕೊರತೆಯನ್ನು ಪಕ್ಷೇತರರು ತುಂಬಿದರು. 1960ರಲ್ಲಿ ಅವರನ್ನು ಸೋಲಿಸಲು ಕಾಂಗ್ರೆಸ್, ಪಿಎಸ್‌ಪಿ ಮತ್ತು ಮುಸ್ಲಿಂ ಲೀಗ್ ಕೈಜೋಡಿಸಿದವು. ಕಾಂಗ್ರೆಸ್ಸಿಗೇ ಹೆಚ್ಚು ಸ್ಥಾನ ಬಂದರೂ ಮುಖ್ಯಮಂತ್ರಿಯಾದವರು ಪಿಎಸ್‌ಪಿಯ ಪಟ್ಟಂ ತಾಣು ಪಿಳ್ಳೈ. 1965ರಲ್ಲಿ ಮುಖ್ಯ ಪಕ್ಷಗಳು ಬೇರೆ ಬೇರೆಯಾಗಿ ನಿಂತ ಫಲವಾಗಿ ಯಾರಿಗೂ ಬಹುಮತ ಬರಲಿಲ್ಲ, ಆ ವಿಧಾನಸಭೆ ಒಂದು ದಿನವೂ ಸೇರದೆ ರದ್ದಾಯಿತು. ಕೇರಳದ ಪಕ್ಷಗಳು ಪಾಠ ಕಲಿತದ್ದು ಆಗ. 1967ರಲ್ಲಿ ಸಿಪಿಎಂ, ಸಿಪಿಐ, ಮುಸ್ಲಿಂ ಲೀಗ್ ಮೊದಲಾದ ಏಳು ಪಕ್ಷಗಳು ಕೂಡಿದವು. ಒಂಟಿಯಾಗಿ ನಿಂತ ಕಾಂಗ್ರೆಸ್ಸಿಗೆ ಸಿಕ್ಕಿದ್ದು 9 ಸ್ಥಾನ.

ಆ ಸಪ್ತಪಕ್ಷ ರಂಗ ಎರಡೂವರೆ ವರ್ಷದಲ್ಲಿ ಒಡೆಯಿತು. 1969ರ ನವೆಂಬರಿನಲ್ಲಿ ಸಿಪಿಐಯ ಸಿ.ಅಚ್ಯುತ ಮೇನೋನ್ ಮುಖ್ಯಮಂತ್ರಿಯಾದರು. 1970ರ ಚುನಾವಣೆಯಲ್ಲಿ ಸಿಪಿಐಗಿಂತ ಕಾಂಗ್ರೆಸ್ಸಿಗೆ ಹೆಚ್ಚು ಸ್ಥಾನ ಬಂತು, ಆದರೂ 1977ರವರೆಗೆ ಮುಖ್ಯಮಂತ್ರಿ ಮೇನೋನ್ ಅವರೇ. ಸಣ್ಣ ಪಕ್ಷದ ಮುಖ್ಯಮಂತ್ರಿ ಎಂದರೆ ಅಸ್ಥಿರತೆ ಎಂದು ಹೇಳುವವರು ಈ ಏಳೂವರೆ ವರ್ಷಗಳನ್ನು ಮರೆತಿರುತ್ತಾರೆ.

ಎಡರಂಗ, ಐಕ್ಯರಂಗ ಎಂಬ ಎರಡು ಗುಂಪುಗಳು ಗಟ್ಟಿಯಾದದ್ದು 1980ರ ಆಸುಪಾಸಿನಲ್ಲಿ. ವಯನಾಡು ಜಿಲ್ಲೆ ಹುಟ್ಟಿದ್ದೂ ಆ ವರ್ಷದ ನವೆಂಬರ್ 1ರಂದು, ಇ.ಕೆ.ನಾಯನಾರ್ ಅವರ ಸಮ್ಮಿಶ್ರ ಸರಕಾರದ ಕಾಲದಲ್ಲಿ. ಎ.ಕೆ.ಆಂಟನಿ ಬಣದ ಕಾಂಗ್ರೆಸ್ಸೂ ಕೆ.ಎಂ.ಮಾಣಿ ಅವರ ಕೇರಳ ಕಾಂಗ್ರೆಸ್ಸೂ ಆಗ ಎಡಬದಿಯಲ್ಲಿದ್ದವು. 1981ರ ಅಕ್ಟೋಬರಿನಲ್ಲಿ ಅವು ಹೊರಬಂದವು. ಡಿಸೆಂಬರಿನಲ್ಲಿ ಬಂದ ಕೆ.ಕರುಣಾಕರನ್ ಸರಕಾರ ಸ್ಪೀಕರ್ ಎ.ಸಿ.ಜೋಸ್ ಅವರ ನಿರ್ಣಾಯಕ ಮತದ ಮೇಲೆ ನಿಂತಿತ್ತು. 1982ರ ಮಾರ್ಚಿನಲ್ಲಿ ಲೋನಪ್ಪನ್ ನಂಬಾಡನ್ ಎಂಬ ಒಬ್ಬ ಶಾಸಕ ಬೆಂಬಲ ಹಿಂತೆಗೆದುಕೊಂಡರು, ಸರಕಾರ ಬಿತ್ತು. ಅಲ್ಲಿಂದ 2016ರವರೆಗೆ ಐದು ವರ್ಷಕ್ಕೊಮ್ಮೆ ಒಂದು ರಂಗ ಇಳಿದು ಇನ್ನೊಂದು ಏರುತ್ತ ಬಂತು. 2011ರಲ್ಲಿ ಉಮ್ಮನ್ ಚಾಂಡಿ 140ರಲ್ಲಿ 72 ಸ್ಥಾನ ಹಿಡಿದುಕೊಂಡು ಐದು ವರ್ಷ ಪೂರೈಸಿದರು. 2021ರಲ್ಲಿ ಎಡರಂಗ 99 ಸ್ಥಾನ ಗೆದ್ದು ಮರಳಿ ಅಧಿಕಾರಕ್ಕೆ ಬಂದಾಗ ಆ ಪರ್ಯಾಯದ ಕ್ರಮ ಮೊದಲ ಬಾರಿ ತಪ್ಪಿತು.

ಕೇರಳದಲ್ಲಿ ಇದು ಹೀಗೇಕೆ ಎಂದರೆ ಲೆಕ್ಕ ಸರಳ. ಎರಡು ದೊಡ್ಡ ಗುಂಪುಗಳ ಮತದ ಅಂತರ ಬಹಳ ಕಡಿಮೆ. ಮಾನಂತವಾಡಿ ಕ್ಷೇತ್ರವನ್ನೇ ನೋಡಿ. 2016ರಲ್ಲಿ ತಿರುನೆಲ್ಲಿಯವರಾದ ಸಿಪಿಎಂನ ಒ.ಆರ್.ಕೇಳು ಅವರು ಅಂದಿನ ಸಚಿವೆ, ಕಾಂಗ್ರೆಸ್ಸಿನ ಪಿ.ಕೆ.ಜಯಲಕ್ಷ್ಮಿ ಅವರನ್ನು ಸೋಲಿಸಿದ್ದು 1,307 ಮತಗಳಿಂದ. ಇಂಥ ಕಡೆ ಎರಡು ಸಾವಿರ ಮತ ಇರುವ ಪಕ್ಷಕ್ಕೂ ಬೆಲೆ ಬರುತ್ತದೆ.

ಮಾತು ಉಳಿಸಿಕೊಂಡದ್ದು, ತಪ್ಪಿದ್ದು

ಕೂಟ ಎಂದರೆ ಮೊದಲಿಗೆ ಪಾಲು. 2003ರ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಗಳ ಸಂಖ್ಯೆ ಸದನದ ಶೇಕಡಾ 15ನ್ನು ಮೀರುವಂತಿಲ್ಲ. ಕೇರಳಕ್ಕೆ ಮುಖ್ಯಮಂತ್ರಿ ಸೇರಿ 21, ಕರ್ನಾಟಕಕ್ಕೆ 34. ತಲೆಗಳು ಹೆಚ್ಚು, ಕುರ್ಚಿಗಳು ಕಡಿಮೆ. 2021ರಲ್ಲಿ ಎಡರಂಗ ಒಬ್ಬೊಬ್ಬರೇ ಶಾಸಕರಿರುವ ನಾಲ್ಕು ಪಕ್ಷಗಳಿಗೆ ಎರಡೂವರೆ ವರ್ಷದಂತೆ ಸರದಿ ಹಂಚಿತು. ಅಹ್ಮದ್ ದೇವರ್‌ಕೋವಿಲ್, ಆಂಟನಿ ರಾಜು ಇಳಿದರು. 2023ರ ಡಿಸೆಂಬರಿನಲ್ಲಿ ಕೆ.ಬಿ.ಗಣೇಶ್ ಕುಮಾರ್, ಕಡನ್ನಪ್ಪಳ್ಳಿ ರಾಮಚಂದ್ರನ್ ಏರಿದರು. ಗದ್ದಲವಾಗಲಿಲ್ಲ.

ಇದನ್ನೇ ಗಡಿಯಾಚೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 2004ರಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ ಬಂದವು. ಮೊದಲು ಧರ್ಮಸಿಂಗ್ ನೇತೃತ್ವದಲ್ಲಿ ಕಾಂಗ್ರೆಸ್-ಜೆಡಿಎಸ್. 2006ರಲ್ಲಿ ಅದು ಮುರಿದು ಜೆಡಿಎಸ್-ಬಿಜೆಪಿ. ತಲಾ 20 ತಿಂಗಳು ಎಂಬ ಒಪ್ಪಂದ. ಕುಮಾರಸ್ವಾಮಿ ತಮ್ಮ 20 ತಿಂಗಳು ಮುಗಿಸಿದರು, 2007ರ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರ ಆಗಲಿಲ್ಲ. ನವೆಂಬರಿನಲ್ಲಿ ಬಿ.ಎಸ್.ಯಡಿಯೂರಪ್ಪ ಪ್ರಮಾಣ ಸ್ವೀಕರಿಸಿ ಏಳೇ ದಿನಕ್ಕೆ ರಾಜೀನಾಮೆ ಕೊಟ್ಟರು. ಅಂದಿನಿಂದ ಕನ್ನಡದಲ್ಲಿ 'ವಚನಭ್ರಷ್ಟ' ಎಂಬ ಹಳೆಯ ಶಬ್ದಕ್ಕೆ ಹೊಸ ಜೀವ ಬಂತು.

2018ರಲ್ಲಿ ಮತ್ತೆ ಅತಂತ್ರ. 104 ಸ್ಥಾನದ ಬಿಜೆಪಿಯನ್ನು ರಾಜ್ಯಪಾಲರು ಕರೆದರು, ಸುಪ್ರೀಂ ಕೋರ್ಟು ಕೂಡಲೇ ಬಹುಮತ ಪರೀಕ್ಷೆಗೆ ಹೇಳಿತು, ಯಡಿಯೂರಪ್ಪ ಮೇ 19ರಂದು ಇಳಿದರು. 37 ಸ್ಥಾನದ ಜೆಡಿಎಸ್ಸಿನ ಕುಮಾರಸ್ವಾಮಿ ಕಾಂಗ್ರೆಸ್ ಬೆಂಬಲದಿಂದ ಮುಖ್ಯಮಂತ್ರಿಯಾದರು. ಹದಿನಾಲ್ಕು ತಿಂಗಳಲ್ಲಿ, 2019ರ ಜುಲೈ 23ರಂದು, 99–105 ಮತಗಳಿಂದ ಸರಕಾರ ಬಿತ್ತು. ಬೀಳಿಸಿದವರು ಆಡಳಿತ ಪಕ್ಷಗಳದ್ದೇ ಶಾಸಕರು. ಅವರನ್ನು ಸ್ಪೀಕರ್ ಅನರ್ಹಗೊಳಿಸಿದರು, ಆದರೆ ಉಪಚುನಾವಣೆಗೆ ನಿಲ್ಲಲು ಸುಪ್ರೀಂ ಕೋರ್ಟು ಬಿಟ್ಟಿತು. ಅವರಲ್ಲಿ ಹುಣಸೂರಿನ ಎಚ್.ವಿಶ್ವನಾಥ್ ಬಿಜೆಪಿಯಿಂದ ನಿಂತು ಸೋತರು, ಅನೇಕರು ಗೆದ್ದು ಮಂತ್ರಿಗಳಾದರು.

ಕೇರಳದವರು ಹೆಚ್ಚು ಸತ್ಯವಂತರು ಎಂದು ಇದರಿಂದ ತಿಳಿಯಬೇಕಾಗಿಲ್ಲ. ಅಲ್ಲಿ ಕೂಟ ಮತದಾರನ ಮುಂದೆ ಮೊದಲೇ ನಿಂತಿರುತ್ತದೆ. ಮುರಿದರೆ ಮುಂದಿನ ಚುನಾವಣೆಯಲ್ಲಿ ಒಂಟಿಯಾಗಿ ಗೆಲ್ಲುವ ದಾರಿ ಯಾರಿಗೂ ಇಲ್ಲ. ಕರ್ನಾಟಕದಲ್ಲಿ ಕೂಡಿದವರು ಹಳ್ಳಿಯಲ್ಲಿ ಪರಸ್ಪರ ಎದುರಾಳಿಗಳು. ಹಳೇ ಮೈಸೂರು ಭಾಗದಲ್ಲಿ ಕಾಂಗ್ರೆಸ್ಸಿಗೆ ಜೆಡಿಎಸ್ಸೇ ಎದುರಾಳಿ. 2019ರ ಲೋಕಸಭೆಗೆ ಇಬ್ಬರೂ ಸೇರಿ ನಿಂತು ತಲಾ ಒಂದೇ ಸ್ಥಾನ ಗೆದ್ದದ್ದಕ್ಕೆ ಇದೂ ಕಾರಣ. ನಾಯಕರು ಕೈ ಕುಲುಕಿದರು, ಊರಿನವರು ಕುಲುಕಲಿಲ್ಲ.

ಕಲ್ಪೆಟ್ಟದ ಒಂದು ಮನೆ

ಕೇರಳದಲ್ಲೂ ರಂಗ ಬದಲಾವಣೆ ಇಲ್ಲದಿಲ್ಲ. ಅದಕ್ಕೆ ದೂರ ಹೋಗಬೇಕಿಲ್ಲ, ಕಲ್ಪೆಟ್ಟ ಸಾಕು. ಕರ್ನಾಟಕ ಮೂಲದ ವಯನಾಡು ಜೈನ ಕುಟುಂಬದಲ್ಲಿ, ಸಮಾಜವಾದಿ ಎಂ.ಕೆ.ಪದ್ಮಪ್ರಭ ಗೌಡರ್ ಅವರ ಮಗನಾಗಿ 1936ರಲ್ಲಿ ಜನಿಸಿದವರು ಎಂ.ಪಿ.ವೀರೇಂದ್ರಕುಮಾರ್. ಕೋಝಿಕ್ಕೋಡ್‌ನಿಂದ ಗೆದ್ದು ದೇವೇಗೌಡರ ಕೇಂದ್ರ ಸಂಪುಟದಲ್ಲಿ ರಾಜ್ಯ ಸಚಿವರಾಗಿದ್ದರು. ಜನತಾದಳ ಆಗ ಎಡರಂಗದಲ್ಲಿತ್ತು. 2009ರ ಲೋಕಸಭಾ ಚುನಾವಣೆಯಲ್ಲಿ ಆ ಕೋಝಿಕ್ಕೋಡ್ ಸೀಟನ್ನು ಸಿಪಿಎಂ ತನ್ನ ಕೈಗೆ ತೆಗೆದುಕೊಂಡಿತು. ವೀರೇಂದ್ರಕುಮಾರ್ ಬಣ ಮುನಿದು ಹೊರಬಂತು. ಸಿಪಿಎಂ ಅಭ್ಯರ್ಥಿ ಅಲ್ಲಿ ಕಾಂಗ್ರೆಸ್ಸಿನ ಎಂ.ಕೆ.ರಾಘವನ್ ಎದುರು ಸೋತದ್ದು 838 ಮತಗಳಿಂದ. ಸಣ್ಣ ಘಟಕ ಪಕ್ಷ ಹೋದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಸಿಗುವುದು ಕಷ್ಟ.

ಮುಂದೆ ಬಣ ಐಕ್ಯರಂಗಕ್ಕೆ ಹೋಯಿತು, 2014ರಲ್ಲಿ ಜೆಡಿಯು ಜೊತೆ ವಿಲೀನವಾಯಿತು. 2017ರಲ್ಲಿ ಪಾಟ್ನಾದಲ್ಲಿ ನಿತೀಶ್ ಕುಮಾರ್ ಬಿಜೆಪಿ ಕಡೆ ಹೋದಾಗ ಕಲ್ಪೆಟ್ಟದಲ್ಲಿ ಮತ್ತೆ ಬೇರೆ ದಾರಿ ಹುಡುಕಬೇಕಾಯಿತು. ವೀರೇಂದ್ರಕುಮಾರ್ ರಾಜ್ಯಸಭಾ ಸ್ಥಾನ ಬಿಟ್ಟು ಎಡರಂಗಕ್ಕೆ ಮರಳಿದರು. 2020ರ ಮೇ 28ರಂದು ತೀರಿಕೊಂಡರು.

ಅವರ ಮಗ ಎಂ.ವಿ.ಶ್ರೇಯಾಂಸ್ ಕುಮಾರ್ ಕಲ್ಪೆಟ್ಟದಲ್ಲಿ ನಾಲ್ಕು ಬಾರಿ ನಿಂತರು. 2006ರಲ್ಲಿ ಎಡರಂಗದಿಂದ ಗೆಲುವು. 2011ರಲ್ಲಿ ಐಕ್ಯರಂಗದಿಂದ ಗೆಲುವು. 2016ರಲ್ಲಿ ಐಕ್ಯರಂಗದಲ್ಲಿದ್ದು ಸಿಪಿಎಂನ ಸಿ.ಕೆ.ಶಶೀಂದ್ರನ್ ಎದುರು ಸೋಲು. 2021ರಲ್ಲಿ ಎಡರಂಗದಿಂದ, ಕಾಂಗ್ರೆಸ್ಸಿನ ಟಿ.ಸಿದ್ದಿಕ್ ಎದುರು ಸೋಲು. ಪ್ರತಿ ಸಲ ಪಕ್ಷದ ಹೆಸರು ಬೇರೆ: ಜೆಡಿಎಸ್, ಎಸ್‌ಜೆಡಿ, ಜೆಡಿಯು, ಎಲ್‌ಜೆಡಿ. 2023ರಲ್ಲಿ ಎಲ್‌ಜೆಡಿ ಲಾಲು ಪ್ರಸಾದರ ಆರ್‌ಜೆಡಿ ಜೊತೆ ಸೇರಿತು. ಹೆಸರುಗಳನ್ನು ನೆನಪಿಟ್ಟುಕೊಳ್ಳುವುದೇ ಕಾರ್ಯಕರ್ತನಿಗೆ ಒಂದು ಕೆಲಸ.

ತೃಶ್ಶಿಲೇರಿಯಿಂದ ಮೂರು ಬಾಗಿಲು

ಹಣ, ಪತ್ರಿಕೆ, ಮನೆತನ ಇರುವವರಿಗೂ ರಂಗದಲ್ಲಿ ಇಷ್ಟು ಕಷ್ಟವಾದರೆ ಇಲ್ಲದವರ ಗತಿ ಏನು? ತಿರುನೆಲ್ಲಿ ಪಂಚಾಯತಿಯ ತೃಶ್ಶಿಲೇರಿಯಲ್ಲಿ ಅಡಿಯ ಸಮುದಾಯದಲ್ಲಿ ಹುಟ್ಟಿದ ಸಿ.ಕೆ.ಜಾನು ಅವರ ದಾರಿಯನ್ನು ನೋಡಬೇಕು. 2001ರಲ್ಲಿ ಆದಿವಾಸಿಗಳ ಭೂಮಿಗಾಗಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ 48 ದಿನ ಗುಡಿಸಲು ಕಟ್ಟಿ ಕೂತರು. ಐಕ್ಯರಂಗದ ಆಂಟನಿ ಸರಕಾರ ಒಪ್ಪಂದಕ್ಕೆ ಬಂತು. ಒಪ್ಪಂದ ಜಾರಿಯಾಗಲಿಲ್ಲವೆಂದು 2003ರಲ್ಲಿ ಮುತ್ತಂಗ ಕಾಡಿಗೆ ಹೊಕ್ಕರು. ಫೆಬ್ರವರಿ 19ರಂದು ಪೊಲೀಸರು ಗುಂಡು ಹಾರಿಸಿದರು. ಒಬ್ಬ ಆದಿವಾಸಿ, ಒಬ್ಬ ಪೊಲೀಸ್ ಸತ್ತರು.

ಚಳವಳಿಯಿಂದ ಚುನಾವಣೆಗೆ ಬಂದಾಗ ಜಾನು ಅವರಿಗೆ ಬೇಕಾದದ್ದು ಒಂದು ರಂಗ. 2016ರಲ್ಲಿ ಸ್ವಂತ ಪಕ್ಷ ಕಟ್ಟಿ ಎನ್‌ಡಿಎ ಸೇರಿ ಸುಲ್ತಾನ್ ಬತ್ತೇರಿಯಿಂದ ನಿಂತರು, ಸುಮಾರು 28 ಸಾವಿರ ಮತ ಪಡೆದು ಮೂರನೆಯವರಾದರು. ಕೊಟ್ಟ ಮಾತು ನಡೆಸಲಿಲ್ಲವೆಂದು 2018ರಲ್ಲಿ ಹೊರಬಂದರು. 2021ರಲ್ಲಿ ಮತ್ತೆ ಎನ್‌ಡಿಎ, ಅದೇ ಬತ್ತೇರಿ, ಮತ ಸುಮಾರು 15 ಸಾವಿರಕ್ಕೆ ಇಳಿಯಿತು. 2025ರ ಆಗಸ್ಟಿನಲ್ಲಿ ತಮಗೆ ಕಿಮ್ಮತ್ತು ಕೊಡುವುದಿಲ್ಲವೆಂದು ಪುನಃ ಬಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಐಕ್ಯರಂಗ ಅವರ ಪಕ್ಷವನ್ನು ಸಹಯೋಗಿಯಾಗಿ ಸೇರಿಸಿಕೊಳ್ಳಲು ತೀರ್ಮಾನಿಸಿತು. ಮುತ್ತಂಗದಲ್ಲಿ ಗುಂಡು ಹಾರಿಸಿದಾಗ ಅಧಿಕಾರದಲ್ಲಿದ್ದ ರಂಗವೇ ಅದು.

ಅವಕಾಶವಾದ ಎಂದು ಸುಲಭವಾಗಿ ಹೇಳಬಹುದು, ಹೇಳಿದವರೂ ಇದ್ದಾರೆ. ಆದರೆ ಜಿಲ್ಲೆಯ ಮೂರು ವಿಧಾನಸಭಾ ಕ್ಷೇತ್ರಗಳಲ್ಲಿ ಎರಡು ಪರಿಶಿಷ್ಟ ಪಂಗಡಕ್ಕೆ ಮೀಸಲು. ಆ ಎರಡರಲ್ಲೂ ಆದಿವಾಸಿಯೇ ಗೆಲ್ಲುತ್ತಾರೆ, ಆದರೆ ಯಾವ ಆದಿವಾಸಿ ಎಂಬುದನ್ನು ಸೀಟು ಹಂಚುವ ಮೇಜು ನಿರ್ಧರಿಸುತ್ತದೆ. ಆ ಮೇಜಿನ ಬಳಿ ಕುರ್ಚಿ ಇಲ್ಲದ ಪಕ್ಷ ಬಾಗಿಲಿನಿಂದ ಬಾಗಿಲಿಗೆ ಹೋಗುವುದು ಬಿಟ್ಟು ಇನ್ನೇನು ಮಾಡೀತು? ಸಹಯೋಗಿ ಎಂಬ ಸ್ಥಾನವೂ ಘಟಕ ಪಕ್ಷಕ್ಕಿಂತ ಒಂದು ಮೆಟ್ಟಿಲು ಕೆಳಗೆ. ದೊಡ್ಡ ಪಕ್ಷದ ಒಳಗಿದ್ದವರ ದಾರಿ ಬೇರೆ. ತಿರುನೆಲ್ಲಿ ಪಂಚಾಯತಿಯ ಅಧ್ಯಕ್ಷರಾಗಿದ್ದ ಒ.ಆರ್.ಕೇಳು 2024ರ ಜೂನ್ 23ರಂದು ಸಚಿವರಾದರು. ಲೋಕಸಭೆಗೆ ಗೆದ್ದ ಕೆ.ರಾಧಾಕೃಷ್ಣನ್ ತೆರವು ಮಾಡಿದ ಸ್ಥಾನ ಸಿಪಿಎಂ ಪಾಲಿನದ್ದಾಗಿತ್ತು, ಹಾಗಾಗಿ ಇತರ ಘಟಕ ಪಕ್ಷಗಳ ಜೊತೆ ಚೌಕಾಶಿಯೇ ಬೇಕಾಗಲಿಲ್ಲ.

ಕಾನೂನು ಯಾರನ್ನು ಕಟ್ಟಿಹಾಕುತ್ತದೆ?

1985ರ ಪಕ್ಷಾಂತರ ನಿಷೇಧ ಕಾನೂನು, ಅಂದರೆ ಸಂವಿಧಾನದ ಹತ್ತನೇ ಅನುಸೂಚಿ, ಶಾಸಕನನ್ನು ಪಕ್ಷಕ್ಕೆ ಕಟ್ಟುತ್ತದೆ, ರಂಗಕ್ಕಲ್ಲ. ಇಡೀ ಪಕ್ಷವೇ ರಂಗ ಬದಲಿಸಿದರೆ ಯಾರೂ ಅನರ್ಹರಾಗುವುದಿಲ್ಲ. 2020ರ ಅಕ್ಟೋಬರಿನಲ್ಲಿ ಜೋಸ್ ಕೆ.ಮಾಣಿ ಅವರ ಕೇರಳ ಕಾಂಗ್ರೆಸ್ ಐಕ್ಯರಂಗ ಬಿಟ್ಟು ಎಡರಂಗಕ್ಕೆ ಹೋದದ್ದು ಹೀಗೆ. ರಂಗಗಳ ಒಪ್ಪಂದ, ಪ್ರಣಾಳಿಕೆ, 20 ತಿಂಗಳ ಮಾತು, ಇವುಗಳನ್ನು ಹಿಡಿದು ಕೋರ್ಟಿಗೆ ಹೋಗಲಾಗದು.

ಪಂಚಾಯತಿಯಲ್ಲಿ ಮಾತ್ರ ಕೇರಳದ ಕಾನೂನು ಒಂದು ಹೆಜ್ಜೆ ಮುಂದಿದೆ. 1999ರ ಕೇರಳ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ ಕೂಟ ಎಂಬುದನ್ನು ಹೆಸರಿಸಿ ಒಪ್ಪಿಕೊಂಡಿದೆ. ಗೆದ್ದ ಸದಸ್ಯ ತಾನು ಯಾವ ಪಕ್ಷ, ಯಾವ ರಂಗ ಎಂದು ಬರೆದುಕೊಡಬೇಕು. ರಂಗದ ಬೆಂಬಲದಿಂದ ಗೆದ್ದ ಪಕ್ಷೇತರನೂ ಆ ರಂಗ ಬಿಟ್ಟರೆ ಅಥವಾ ಅದರ ಲಿಖಿತ ಸೂಚನೆಗೆ ವಿರುದ್ಧವಾಗಿ ಮತ ಹಾಕಿದರೆ ಸದಸ್ಯತ್ವ ಕಳೆದುಕೊಳ್ಳಬಹುದು, ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ತೀರ್ಪು ಕೊಡುವುದು ರಾಜ್ಯ ಚುನಾವಣಾ ಆಯೋಗ. ಅಧ್ಯಕ್ಷರ ಆಯ್ಕೆಯ ದಿನ ಇದು ನೆನಪಿರಬೇಕು. ಎರಡೂ ಕಡೆ ಸಮ ಮತ ಬಂದರೆ ಚೀಟಿ ಎತ್ತುತ್ತಾರೆ. ಒಬ್ಬ ಸದಸ್ಯ ಆಚೀಚೆಯಾದರೆ ಪಂಚಾಯತಿಯೇ ಕೈ ಬದಲಾಗುತ್ತದೆ. ವಾರ್ಡಿನ ಬಡ ಸದಸ್ಯನಿಗೆ ಇರುವ ಈ ಕಟ್ಟು ದೊಡ್ಡ ಪಕ್ಷಗಳ ನಾಯಕರಿಗೆ ಇಲ್ಲ ಎಂಬುದು ಗಮನಿಸತಕ್ಕದ್ದು.

ಕುಟ್ಟದಲ್ಲಿ ನೆಂಟರಿರುವವರಿಗೆ ಇನ್ನೊಂದು ವ್ಯತ್ಯಾಸ ಗೊತ್ತಿರುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಚಿಹ್ನೆಯಲ್ಲಿ ನಡೆಯುವುದಿಲ್ಲ. ಹಾಗಾಗಿ ಪತ್ರಿಕೆಗಳು 'ಕಾಂಗ್ರೆಸ್ ಬೆಂಬಲಿತ', 'ಬಿಜೆಪಿ ಬೆಂಬಲಿತ' ಎಂದು ಬರೆಯುತ್ತವೆ. ಕಾನೂನಿನಲ್ಲಿ ಪಕ್ಷ ಇಲ್ಲ, ಊರಿನಲ್ಲಿ ಇದೆ.

ದಿಲ್ಲಿಯಲ್ಲಿ ಜೊತೆ, ವಯನಾಡಿನಲ್ಲಿ ಎದುರು

2023ರ ಜುಲೈಯಲ್ಲಿ ಬೆಂಗಳೂರಿನ ಸಭೆಯಲ್ಲಿ ವಿರೋಧ ಪಕ್ಷಗಳು ತಮ್ಮ ಕೂಟಕ್ಕೆ 'ಇಂಡಿಯಾ' ಎಂದು ಹೆಸರಿಟ್ಟವು. ಕಾಂಗ್ರೆಸ್, ಸಿಪಿಐ, ಸಿಪಿಎಂ ಮೂರೂ ಅದರಲ್ಲಿದ್ದವು. ಒಂಬತ್ತು ತಿಂಗಳ ನಂತರ ವಯನಾಡು ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ರಾಹುಲ್ ಗಾಂಧಿ ಎದುರು ನಿಂತವರು ಸಿಪಿಐಯ ಆನಿ ರಾಜಾ. ರಾಹುಲ್ 3,64,422 ಮತಗಳ ಅಂತರದಿಂದ ಗೆದ್ದರು. ಅವರು ಬಿಟ್ಟ ಸ್ಥಾನಕ್ಕೆ 2024ರ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಪ್ರಿಯಾಂಕಾ ಗಾಂಧಿ ಸಿಪಿಐಯ ಸತ್ಯನ್ ಮೊಕೇರಿ ಅವರನ್ನು 4,10,931 ಮತಗಳಿಂದ ಸೋಲಿಸಿದರು. ಕೇರಳದಲ್ಲಿ ಈ ಎರಡು ಸೇರಿದರೆ ವಿರೋಧ ಪಕ್ಷದ ಜಾಗ ಖಾಲಿಯಾಗುತ್ತದೆ, ಅಲ್ಲಿ ಕೂರಲು ಬಿಜೆಪಿ ಕಾದಿದೆ ಎಂಬುದು ಎರಡೂ ಕಡೆಯವರ ಸಮರ್ಥನೆ. ಅದರಲ್ಲಿ ಹುರುಳಿದೆ. ಹಾಗಂತ ಪ್ರಚಾರದಲ್ಲಿ ಆಡಿದ ಕಟುಮಾತುಗಳನ್ನು ಮರುದಿನ ದಿಲ್ಲಿಯಲ್ಲಿ ನುಂಗುವುದು ಸುಲಭವೇನಲ್ಲ.

ಪಕ್ಷ ಒಂದೇ ಆದರೂ ಗಡಿ ದಾಟಿದರೆ ಮಾತು ಬೇರೆಯಾಗುವುದಕ್ಕೆ ರಾತ್ರಿ ಸಂಚಾರ ನಿಷೇಧ ಒಳ್ಳೆಯ ಉದಾಹರಣೆ. ಬಂಡೀಪುರದ ರಸ್ತೆಗಾಗಿ 2019ರಲ್ಲಿ ಬತ್ತೇರಿಯಲ್ಲಿ ಉಪವಾಸ ನಡೆದಾಗ ಎಡರಂಗ, ಐಕ್ಯರಂಗ ಎರಡರವರೂ ಬೆಂಬಲಿಸಿದರು. ಅಕ್ಟೋಬರ್ 4ರಂದು ರಾಹುಲ್ ಗಾಂಧಿಯೂ ಬಂದು ಕೂತರು. ಆದರೆ ಗುಂಡ್ಲುಪೇಟೆ ದಾಟಿದ ಮೇಲೆ ಆ ನಿಷೇಧ ತೆಗೆಯಿರಿ ಎಂದು ಯಾವ ಪಕ್ಷವೂ ಗಟ್ಟಿಯಾಗಿ ಕೇಳಲಿಲ್ಲ. ಬಾವಲಿ ರಸ್ತೆಯ ಗೇಟು ಸಂಜೆ ಮುಚ್ಚುವುದೂ ಹಾಗೆಯೇ.

ಕೊನೆಗೆ, ಮತಗಟ್ಟೆಯ ವಿಷಯ. ಮತಯಂತ್ರದಲ್ಲಿ ಅಭ್ಯರ್ಥಿಯ ಹೆಸರು, ಭಾವಚಿತ್ರ, ಚಿಹ್ನೆ ಇರುತ್ತದೆ, ರಂಗದ ಹೆಸರು ಎಲ್ಲೂ ಇರುವುದಿಲ್ಲ. ತಿರುನೆಲ್ಲಿಯ ಎಡರಂಗದ ಮತದಾರ 2021ರಲ್ಲಿ ವಿಧಾನಸಭೆಗೆ ಸುತ್ತಿಗೆ ಕುಡುಗೋಲು ನಕ್ಷತ್ರವನ್ನು ಒತ್ತಿದರು, 2024ರಲ್ಲಿ ಲೋಕಸಭೆಗೆ ತೆನೆ ಕುಡುಗೋಲನ್ನು ಹುಡುಕಬೇಕಾಯಿತು, ಏಕೆಂದರೆ ಆ ಸೀಟು ಸಿಪಿಐ ಪಾಲಿನದ್ದು. ಎನ್‌ಡಿಎ 2019ರಲ್ಲಿ ಈ ಕ್ಷೇತ್ರವನ್ನು ಬಿಡಿಜೆಎಸ್‌ನ ತುಷಾರ್ ವೆಳ್ಳಾಪಳ್ಳಿ ಅವರಿಗೆ ಬಿಟ್ಟುಕೊಟ್ಟಿತ್ತು, ಆ ಸಲ ಯಂತ್ರದಲ್ಲಿ ಕಮಲ ಇರಲಿಲ್ಲ. ಚುನಾವಣೆ ಹತ್ತಿರವಾದಾಗ ಮನೆಯ ಹಿರಿಯರಿಗೆ ಚಿಹ್ನೆಯನ್ನು ಮತ್ತೊಮ್ಮೆ ತೋರಿಸಿ ಕಳುಹಿಸುವುದು ಇಲ್ಲಿನ ಕಾರ್ಯಕರ್ತರು ಎಂದೂ ತಪ್ಪಿಸದ ಕೆಲಸ.